ಒಂದು ಕೋಶ ಎರಡಾಗುವುದನ್ನು ನೋಡಬೇಕೇ? ಈರುಳ್ಳಿಗೆ ಬೇರು ಬಿಡಿಸಿ

ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್: ಕೋಶ ಒಡೆದು ಎರಡಾಗುವ ನಾಲ್ಕು ಹಂತಗಳು. ಪಿಯುಸಿ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನನ್ನನ್ನು ಕೇಳಿದರೆ, ಹೆಸರು ಆಮೇಲೆ ಕಲಿತರಾಯಿತು. ಮೊದಲು ಕಣ್ಣಾರೆ ನೋಡಿ. ಅಡುಗೆಮನೆಯ ಒಂದು ಈರುಳ್ಳಿ ಸಾಕು. ಆಸಿಡ್, ಬಣ್ಣ, ಮೈಕ್ರೋಸ್ಕೋಪಿನ ಕೆಲಸ ಮಾತ್ರ ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರ ಎದುರಿಗೇ ಆಗಲಿ.

ಬೇರು ಬಿಡಿಸಿ

ಈರುಳ್ಳಿ ಬುಡದ ಒಣ ಬೇರುಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಲೋಟದ ಬಾಯಿ ಮೇಲೆ ಕೂರಿಸಿ, ಬುಡ ಮಾತ್ರ ನೀರಿಗೆ ತಾಗಲಿ. ದಿನಾ ನೀರು ಬದಲಿಸಿ. ಮೂರ್ನಾಲ್ಕು ದಿನದಲ್ಲಿ ಬಿಳಿ ಬೇರು 2–3 ಸೆಂ.ಮೀ. ಇಳಿದಿರುತ್ತದೆ.

ಬೆಳಿಗ್ಗೆ ಬೇಗ ಎದ್ದು ಬೇರನ್ನು ಕತ್ತರಿಸಿ. ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೊಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಮುಳುಗಿಸಿಡಿ. ಪ್ರತಿ ಕೋಶವೂ ಯಾವ ಹಂತದಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಅಂದರೆ ನೀವು ನೋಡುವುದು ಸಿನಿಮಾ ಅಲ್ಲ, ಫೋಟೊ. ಒಂದೇ ಫೋಟೊದಲ್ಲಿ ಸಾವಿರಾರು ಕೋಶಗಳು, ಒಂದೊಂದೂ ಒಂದೊಂದು ಹಂತದಲ್ಲಿ. ಅವನ್ನು ಸರಿಯಾದ ಸಾಲಿನಲ್ಲಿ ಜೋಡಿಸುವ ಕೆಲಸ ನಿಮ್ಮದು.

ಬಣ್ಣ ಹಾಕಿ, ಒತ್ತಿ

ಸ್ಲೈಡಿನ ಮೇಲೆ ಬೇರಿಟ್ಟು, ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್, ಎರಡು ಮೂರು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ. ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನು ಆಸಿಡ್ ಸಡಿಲಿಸುತ್ತದೆ. ಸ್ಪಿರಿಟ್ ದೀಪದ ಮೇಲೆ ಸ್ವಲ್ಪ ಬಿಸಿ ತೋರಿಸಿ. ಕುದಿಯಬಾರದು, ಒಣಗಬಾರದು. ಐದು ಹತ್ತು ನಿಮಿಷ ಸುಮ್ನೆ ಬಿಡಿ.

ಈಗ ಬೇರಿನ ತುದಿ ಮಾತ್ರ ಜಾಸ್ತಿ ಕೆಂಪಾಗಿರುತ್ತದೆ. ಕೋಶ ಒಡೆದು ಎರಡಾಗುವುದು ಅಲ್ಲೇ. ಆ 2 ಮಿ.ಮೀ. ಇಟ್ಟುಕೊಂಡು ಉಳಿದದ್ದು ಬಿಸಾಡಿ. ಒಂದು ಹನಿ ನೀರು, ಮೇಲೆ ಕವರ್ ಸ್ಲಿಪ್, ಅದರ ಮೇಲೆ ಬ್ಲಾಟಿಂಗ್ ಪೇಪರ್. ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿಸಿದರೆ ಕೋಶಗಳು ಸುರುಳಿ ಸುತ್ತಿಕೊಂಡು ಕೆಲಸ ಕೆಡುತ್ತದೆ.

ನೋಡಿ

ಮೊದಲು 10 ಪಟ್ಟಿನ ಲೆನ್ಸ್, ಆಮೇಲೆ 40. ಉದ್ದುದ್ದ ಕೋಶ ಕಂಡರೆ ತುದಿಯಿಂದ ದೂರ ಬಂದಿದ್ದೀರಿ ಅಂತ ಅರ್ಥ. ಇಟ್ಟಿಗೆಯಂಥ ಚೌಕ ಕೋಶ ಸಿಗುವವರೆಗೆ ಸ್ಲೈಡ್ ಸರಿಸಿ.

ಹೆಚ್ಚಿನವುಗಳಲ್ಲಿ ಕಾಣುವುದು ಒಂದು ದುಂಡನೆ ಕೋಶಕೇಂದ್ರ, ಅಷ್ಟೆ. ಇದು ಇಂಟರ್‌ಫೇಸ್. ವಿಶ್ರಾಂತಿ ಅಂದುಕೊಳ್ಳಬೇಡಿ, ನಿಜವಾದ ದುಡಿಮೆಯೆಲ್ಲ ಇಲ್ಲೇ. ಮೊದಲು ಜಿ1: ಕೋಶ ಬೆಳೆಯುತ್ತದೆ. ಆಮೇಲೆ ಎಸ್: ಇಡೀ ಡಿಎನ್ಎಯ ಇನ್ನೊಂದು ಪ್ರತಿ ತಯಾರಾಗುತ್ತದೆ. ಕೊನೆಗೆ ಜಿ2: ಪ್ರತಿ ಸರಿಯಾಗಿದೆಯಾ ಎಂಬ ತಪಾಸಣೆ, ಒಡೆಯುವ ತಯಾರಿ. ಈ ಮೂರು ಭಾಗ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. 1953ರಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ವಿಕಿರಣಶೀಲ ರಂಜಕ ಉಣಿಸಿ ಇದನ್ನು ಬಿಡಿಸಿ ತೋರಿಸಿದರು. ಅವರು ಬಳಸಿದ್ದೂ ಬೇರಿನ ತುದಿಯನ್ನೇ, ಒಂದು ಜಾತಿಯ ಅವರೆಗಿಡದ್ದು! ಬೇಗ ಬೇಗ ಒಡೆಯುವ ಮನುಷ್ಯನ ಕೋಶಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು. ಒಡೆಯುವುದಕ್ಕೆ ಅದರಲ್ಲಿ ಸುಮಾರು ಒಂದು ಗಂಟೆ ಸಾಕು.

ಈಗ ದಾರ ಸಿಕ್ಕು ಬಿದ್ದಂತಿರುವ ಕೋಶ ಹುಡುಕಿ. ಅದು ಪ್ರೋಫೇಸ್. ಆ ದಾರಗಳೇ ವರ್ಣತಂತುಗಳು (ಕ್ರೋಮೋಸೋಮ್), ಡಿಎನ್ಎ ಸುತ್ತಿಕೊಂಡು ದಪ್ಪಗಾದದ್ದು. ವರ್ಣತಂತುಗಳು ನಡುವೆ ಸಾಲುಗಟ್ಟಿದ್ದರೆ ಮೆಟಾಫೇಸ್. ಈರುಳ್ಳಿಯಲ್ಲಿ 16 ಇರುತ್ತವೆ, ಚೆನ್ನಾಗಿ ಹರಡಿದ್ದರೆ ಎಣಿಸಲೂಬಹುದು. ಶಾಲೆ ಪ್ರವಾಸದಲ್ಲಿ ತಲೆ ಎಣಿಸದೆ ಬಸ್ಸು ಬಿಡುವುದಿಲ್ಲ ಅಲ್ವಾ? ಇಲ್ಲಿಯೂ ಹಾಗೆಯೇ. ವರ್ಣತಂತುಗಳನ್ನು ಕೋಶದ ಎರಡು ತುದಿಗೆ ಎಳೆಯುವ ನೂಲುಗಳಿರುತ್ತವೆ. ಒಂದೇ ಒಂದು ವರ್ಣತಂತು ಈ ನೂಲಿಗೆ ಸರಿಯಾಗಿ ಸಿಕ್ಕಿಕೊಳ್ಳದಿದ್ದರೂ ಉಳಿದವೆಲ್ಲ ಕಾಯುತ್ತವೆ. ಇಂಥ ಕಾವಲು ಜಿ1, ಜಿ2 ಮುಗಿಯುವಲ್ಲೂ ಇದೆ. ಈ ಕಾವಲು ಕೆಟ್ಟು, ಕೋಶ ತಡೆಯಿಲ್ಲದೆ ಒಡೆಯುತ್ತಾ ಹೋಗುವುದೇ ಕ್ಯಾನ್ಸರ್. ಈ ಸುತ್ತನ್ನು ನಡೆಸುವ ಪ್ರೋಟೀನುಗಳನ್ನು ಕಂಡುಹಿಡಿದದ್ದಕ್ಕೆ ಹಾರ್ಟ್‌ವೆಲ್, ಹಂಟ್, ನರ್ಸ್ ಅವರಿಗೆ 2001ರ ನೊಬೆಲ್ ಬಂತು.

ನನಗೆ ತುಂಬಾ ಇಷ್ಟದ್ದು ಅನಾಫೇಸ್. ಪ್ರತಿ ವರ್ಣತಂತುವಿನ ಎರಡು ಪ್ರತಿಗಳೂ ಬೇರೆಯಾಗಿ ಎದುರುಬದುರು ತುದಿಗೆ ಹೋಗುವ ಹಂತ ಇದು. ಎರಡು ಬಾಳೆಹಣ್ಣಿನ ಚಿಪ್ಪುಗಳನ್ನು ಎದುರುಬದುರು ಇಟ್ಟಂತೆ ಕಾಣುತ್ತದೆ: ಬುಡ ಹೊರಗೆ, ಹಣ್ಣಿನ ತುದಿ ಒಳಗೆ. ನೂಲು ವರ್ಣತಂತುವಿನ ಬುಡ ಹಿಡಿದು ಎಳೆಯುವುದರಿಂದ ಅದರ ತೋಳುಗಳು ಹಿಂದೆ ಜೋಲುತ್ತವೆ. ಮುಂದಿನದು ಟೀಲೋಫೇಸ್: ಎರಡು ತುದಿಗೆ ಎರಡು ಕೋಶಕೇಂದ್ರ, ನಡುವೆ ಸಣ್ಣ ಗೆರೆ. ಅದೇ ಹೊಸ ಗೋಡೆ. ಸಸ್ಯದಲ್ಲಿ ಅದು ಒಳಗಿನಿಂದ ಹೊರಕ್ಕೆ ಕಟ್ಟಿಕೊಳ್ಳುತ್ತದೆ. ನಮ್ಮ ಕೋಶಗಳಾದರೆ ಸೊಂಟ ಬಿಗಿದಂತೆ ಹೊರಗಿನಿಂದ ಒಳಕ್ಕೆ ಕಿರಿದಾಗುತ್ತವೆ.

ಎಣಿಸಿ

ನೂರು ಕೋಶ ಎಣಿಸಿ, ಯಾವ ಹಂತದಲ್ಲಿ ಎಷ್ಟಿವೆ ಬರೆದುಕೊಳ್ಳಿ. ಹೆಚ್ಚು ಹೊತ್ತು ಹಿಡಿಯುವ ಹಂತದಲ್ಲಿ ಹೆಚ್ಚು ಕೋಶ ಸಿಗುತ್ತವೆ. ಹಾಗಾಗಿ ಗಡಿಯಾರವಿಲ್ಲದೆಯೇ ಸಮಯದ ಪಾಲು ತಿಳಿಯುತ್ತದೆ. ಅನಾಫೇಸ್ ಬೇಗ ಮುಗಿಯುವುದರಿಂದ ಸಿಗುವುದು ಕಡಿಮೆ. ಒಂದು ಸಿಕ್ಕಿದರೆ ಫೋನ್ ಕ್ಯಾಮೆರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಹಿಡಿದು ಕೂಡಲೇ ಫೋಟೊ ತೆಗೆಯಿರಿ. ಈ ಸ್ಲೈಡ್ ಬೇಗ ಒಣಗುತ್ತದೆ.