‘ಬಂತು’ ಅನ್ನಬೇಕೋ, ‘ಬಂದಳು’ ಅನ್ನಬೇಕೋ: ದೆವ್ವ ಬಿಡಿಸುವವರ ಜಪಾನಿ ಕಾದಂಬರಿ ಸರಣಿ ಅನುವಾದಿಸಿದ ನನ್ನ ಅನುಭವ

ಜಪಾನಿಯ ‘ಕಿತಾ’ ಎಂಬ ಒಂದೇ ಪದಕ್ಕೆ ಬಂದ, ಬಂದಳು, ಬಂದರು, ಬಂತು, ಎಲ್ಲ ಅರ್ಥವೂ ಇದೆ. ಹಳ್ಳಿಮನೆಯ ಜಾರುಬಾಗಿಲಾಚೆ ಏನೋ ನಿಂತಿದೆ. ಸತ್ತ ಹೆಂಗಸೋ, ಮೈಮೇಲೆ ಬರುವ ನರಿಯೋ ಎಂಬುದನ್ನು ಲೇಖಕರು ನೂರಾರು ಪುಟ ಬಚ್ಚಿಟ್ಟಿರುತ್ತಾರೆ. ಕನ್ನಡದ ಕ್ರಿಯಾಪದ ಮೊದಲ ಸಾಲಿನಲ್ಲೇ ಬಾಯಿ ಬಿಟ್ಟುಬಿಡುತ್ತದೆ.

ಹಾಗಾಗಿ ಸರಣಿಯ ಬಂದಷ್ಟೂ ಸಂಪುಟ ಓದಿ ಮುಗಿಸದೆ ಮೊದಲನೆಯದಕ್ಕೆ ಕೈ ಹಾಕುವುದಿಲ್ಲ. ಪ್ರತಿ ದೆವ್ವಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಮೊದಲು ಕಾಣಿಸಿದ ಪುಟ, ಗುಟ್ಟು ರಟ್ಟಾಗುವ ಪುಟ. ಆ ಎರಡರ ನಡುವೆ ‘ಬಂದಳು’, ‘ಬಂತು’ ಎರಡೂ ನಿಷಿದ್ಧ. ‘ಬಂದ ಸದ್ದಾಯಿತು’, ‘ಬಾಗಿಲ ಬಳಿ ನಿಂತ ನೆರಳು’ ಎಂದು ಕ್ರಿಯಾಪದವನ್ನು ಕೃದಂತಕ್ಕೆ ಇಳಿಸುತ್ತೇನೆ. ಜೀವವಿರುವುದಕ್ಕೆ ಜಪಾನಿಯಲ್ಲಿ ‘ಇರು’, ಇಲ್ಲದ್ದಕ್ಕೆ ‘ಅರು’. (ಮೊದಲನೆಯದು ಕೇಳಲು ನಮ್ಮ ‘ಇರು’ ಥರವೇ, ಅದರ ಮೇಲೆ ಸಿದ್ಧಾಂತ ಕಟ್ಟಲು ಹೋಗಬೇಡಿ.) ಕತ್ತಲ ಕೋಣೆಗೆ ಹೊಕ್ಕವನು ಬರೀ ‘ಇರು’ ಎಂದರೆ ಮೈ ಜುಮ್ಮೆನ್ನುತ್ತದೆ. ‘ಇದೆ’ ಎಂದರೆ ಕುರ್ಚಿಯೂ ಇದ್ದೀತು. ‘ಯಾರೋ ಇದ್ದಾರೆ’ ಸರಿಹೋಗುತ್ತದೆ: ಬಹುವಚನದ ಮರೆಯಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ.

ಇನ್ನು ‘ಮಂತ್ರವಾದಿ’. ಕನ್ನಡದಲ್ಲಿ ಆ ಪದಕ್ಕೆ ಮಾಟದ ವಾಸನೆ ಅಂಟಿದೆ. ಜಪಾನಿ ಕಥೆಯಲ್ಲಿ ದೆವ್ವ ಬಿಡಿಸುವವರೆಲ್ಲ ಬೇರೆಬೇರೆ ಜನ: ಶಿಂತೋ ಗುಡಿಯ ಕನ್ನುಶಿ, ಶಿಂಗೋನ್ ಪಂಥದ ಭಿಕ್ಷು, ಬೆಟ್ಟ ಅಲೆಯುವ ಶುಗೆಂಜಾ, ಯಿನ್-ಯಾಂಗ್ ಲೆಕ್ಕದಲ್ಲಿ ಶಕುನ ನೋಡುವ ಒನ್ಮ್ಯೋಜಿ. ಶಿಕೋಕು ದ್ವೀಪದ ಕೋಚಿ ಪ್ರಾಂತ್ಯದ ಮೊನೊಬೆ ಕಡೆ ಇಜನಗಿ-ರ್‍ಯೂ ಎಂಬ ಜನಪದ ಪಂಥವಿದೆ. ಅಲ್ಲಿಯವರನ್ನು ‘ತಾಯೂ’ ಎನ್ನುತ್ತಾರೆ, ಕಾಗದ ಕತ್ತರಿಸಿ ದೈವಗಳ ಆಕೃತಿ ಮಾಡುತ್ತಾರೆ. ಎಲ್ಲರಿಗೂ ಒಂದೇ ಪದ ಹಚ್ಚಿದರೆ, ಅವರೊಳಗಿನ ಪೈಪೋಟಿಯ ಮೇಲೆ ನಿಂತ ಕಥೆ ಕುಸಿಯುತ್ತದೆ.

‘ಹರಾಏ’ಗೆ ‘ಭೂತ ಬಿಡಿಸುವುದು’ ಬೇಡ. ಅದು ‘ಕೆಗಾರೆ’ ಕಳೆಯುವ ಕ್ರಿಯೆ. ಸಾವು, ಹೆರಿಗೆಯಿಂದ ಅಂಟುವ ಕೆಗಾರೆಗೆ ನಮ್ಮ ‘ಮೈಲಿಗೆ’ ಅಳತೆಗೆ ಹೊಲಿದ ಹಾಗಿದೆ. ‘ಭೂತ’ವನ್ನಂತೂ ನಾನು ಮುಟ್ಟುವುದೇ ಇಲ್ಲ: ಕರಾವಳಿಯ ಓದುಗರಿಗೆ ಭೂತವೆಂದರೆ ಕೋಲ ಕಟ್ಟಿ ಪೂಜಿಸುವ ದೈವ. ‘ಒಫುದಾ’ ಬಾಗಿಲಿಗೋ ಕಂಬಕ್ಕೋ ಅಂಟಿಸುವಂಥದ್ದು, ಹಾಗಾಗಿ ‘ಮಂತ್ರಚೀಟಿ’. ‘ಒಮಾಮೊರಿ’ ಜೊತೆಯಲ್ಲಿ ಇಟ್ಟುಕೊಳ್ಳುವಂಥದ್ದು, ಅದು ‘ತಾಯಿತ’. ಇವೆರಡು ಅದಲುಬದಲಾದರೆ ಮುಂದಿನ ಸಂಪುಟದಲ್ಲಿ ಪಾತ್ರ ಬಾಗಿಲಿಂದ ತಾಯಿತ ಕಿತ್ತ ಹಾಗಾಗುತ್ತದೆ.

ಮಂತ್ರ ಬಂದಾಗ ಕೈ ತುರಿಸುತ್ತದೆ. ಭಿಕ್ಷುವಿನ ‘ಗೋಮಾ’ ಸಂಸ್ಕೃತದ ಹೋಮವೇ. ಫುದೋ ಎಂಬ ಬೌದ್ಧ ದೇವತೆ ಅಂದರೆ ಅಚಲ, ಅವನ ಮಂತ್ರದ ‘ನೌಮಾಕು ಸಾನ್ಮಾಂದಾ’ ಮೂಲದಲ್ಲಿ ‘ನಮಃ ಸಮಂತ’. ಆದರೂ ಸಂಸ್ಕೃತಕ್ಕೆ ತಿರುಗಿಸುವುದಿಲ್ಲ. ತಿರುಗಿಸಿದರೆ ಭಿಕ್ಷು ಶೃಂಗೇರಿಯಲ್ಲಿ ಕೂತಂತಾಗುತ್ತದೆ. ‘ಹೋಮ’ ಮಾತ್ರ ನಿರೂಪಣೆಯಲ್ಲಿ ಬಳಸುತ್ತೇನೆ. ‘ಕುಜಿ’ ಎಂಬ ಒಂಬತ್ತು ಅಕ್ಷರದ ಮಂತ್ರವನ್ನಂತೂ ಅನುವಾದಿಸಲೇಬಾರದು. ರಿನ್, ಪ್ಯೋ, ತೋ, ಶಾ, ಕಾಯ್, ಜಿನ್, ರೆತ್ಸು, ಜಾಯ್, ಜೆನ್: ಒಂದೊಂದು ಉಚ್ಚಾರಕ್ಕೆ ಗಾಳಿಯಲ್ಲಿ ಬೆರಳಿನ ಒಂದು ಗೆರೆ, ಅಡ್ಡ 5, ಉದ್ದ 4. ಅರ್ಥ ಬಿಡಿಸಿ ಬರೆದರೆ ಗೆರೆಗೂ ಮಾತಿಗೂ ಲೆಕ್ಕ ತಪ್ಪುತ್ತದೆ.

ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಂಡರೂ ಹೆಸರುಗಳನ್ನು ಅದರಿಂದ ಎತ್ತಬೇಡಿ. ಹ್ರಸ್ವ-ದೀರ್ಘ ಅಲ್ಲಿ ಹೆಚ್ಚಾಗಿ ಕಳೆದುಹೋಗಿರುತ್ತದೆ. ‘ಒಬಸಾನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಅಜ್ಜಿ. ನಮ್ಮ ಲಿಪಿಗೆ ಇದು ಸಲೀಸು. ಅಲ್ಲಿ ನೆಂಟಸ್ತಿಕೆ ಇಲ್ಲದ ಮುದುಕಿಗೂ ಹಾಗೇ ಕರೆಯುವುದರಿಂದ, ಮಾತುಕತೆಯಲ್ಲಿ ನೇರವಾಗಿ ‘ಅಜ್ಜಿ’ ಎಂದೇ ಹಾಕುತ್ತೇನೆ.

ಊರಿನವರ ಮಾತಿಗೆ ಧಾರವಾಡದ ಕನ್ನಡವನ್ನೋ ಮಂಡ್ಯದ್ದನ್ನೋ ಕೊಟ್ಟರೆ ಊರೇ ಎದ್ದು ಇಲ್ಲಿಗೆ ಬರುತ್ತದೆ. ‘ಹೋಗೋದು’, ‘ಮಾಡ್ಬಿಟ್ರೆ’ ಎಂದು ಆಡುಮಾತಿನ ಸಡಿಲ ಸಾಕು.

ಸದ್ದಿನ ಪದಗಳಲ್ಲಿ ಮಾತ್ರ ಕನ್ನಡ ಯಾವ ಸಾಲವನ್ನೂ ಕೇಳುವುದಿಲ್ಲ. ಒದ್ದೆ ಬರಿಗಾಲಿನ ‘ಹಿತಾ ಹಿತಾ’ ಇಲ್ಲಿ ‘ಪಿಚ್ ಪಿಚ್’. ಮೌನಕ್ಕೇ ಒಂದು ಸದ್ದು ಕೊಡುವ ‘ಶೀನ್’ಗೆ ‘ಗವ್’ ಇದೆ: ಹಜಾರ ಗವ್ವೆನ್ನುತ್ತಿತ್ತು.