ಕಲಬುರಗಿಯಲ್ಲಿ ಕೂತು ಹೊರದೇಶದ ಐಟಿ ನೌಕರಿ ಹುಡುಕುವವರಿಗೆ

ವಾರಕ್ಕೊಬ್ಬರಾದರೂ ಕೇಳುತ್ತಾರೆ. "ಅಣ್ಣಾ, ಲಿಂಕ್ಡ್‌ಇನ್‌ನಲ್ಲಿ ಇನ್ನೂರು ಕಡೆ ಅರ್ಜಿ ಹಾಕೀನಿ, ಒಬ್ಬರೂ ಉತ್ತರ ಕೊಡವಲ್ರು. ಎಲ್ಲಿ ತಪ್ಪಾತು?"

ತಪ್ಪು ಕೋಡಿಂಗ್‌ನಲ್ಲಿ ಇರುವುದು ಕಡಿಮೆ. ಅಲ್ಲಿ ಕೂತ ಎಚ್‌ಆರ್‌ಗೆ ನಿಮ್ಮ ಜಾವಾ ಕಾಣುವ ಮೊದಲೇ ವಿಳಾಸ ಕಾಣುತ್ತದೆ. ಇವರಿಗೆ ವೀಸಾ ಆಗುತ್ತಾ, ಎಷ್ಟು ತಿಂಗಳು ಹಿಡಿಯುತ್ತೆ, ಎಷ್ಟು ತಲೆನೋವು? ಇಷ್ಟು ಯೋಚನೆ ಬಂದ ಕೂಡಲೇ ಮುಂದಿನ ಅರ್ಜಿಗೆ ಹೋಗುತ್ತಾರೆ. ಆ ಪ್ರಶ್ನೆಗೆ ಉತ್ತರ ನೀವೇ ಮೊದಲು ಕೊಟ್ಟುಬಿಡಬೇಕು. ಅದಕ್ಕೇ ಮೊದಲು ದೇಶ ಆರಿಸಿ, ಕಂಪನಿ ಆಮೇಲೆ.

ಅಮೆರಿಕದ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಲ್ಲಿನ ಕೆಲಸದ ವೀಸಾ ಎಚ್-1ಬಿ ವರ್ಷಕ್ಕೆ 85,000 ಮಾತ್ರ, ಅದರಲ್ಲೂ 20,000 ಅಲ್ಲೇ ಮಾಸ್ಟರ್ಸ್ ಓದಿದವರಿಗೆ. ಯಾರಿಗೆ ಸಿಗುತ್ತೆ ಅನ್ನುವುದು ಲಾಟರಿ, ನಸೀಬಿನ ಆಟ. ಸಾಲದ್ದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಕರೆಸಿಕೊಳ್ಳುವವರ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು. ಕಲಬುರಗಿಯಲ್ಲಿ ಕೂತ ಹುಡುಗನಿಗಾಗಿ ಅಷ್ಟು ರೊಕ್ಕ ಯಾರು ಕೊಡ್ತಾರೆ? ಅಲ್ಲಿಗೇ ಹೋಗಬೇಕು ಅನ್ನುವವರು ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಕಚೇರಿ ಇರುವ ಅಮೆರಿಕದ ಕಂಪನಿ ಸೇರಿ, ಕನಿಷ್ಠ ಒಂದು ವರ್ಷ ದುಡಿದು, ಎಲ್-1 ವೀಸಾದಲ್ಲಿ ವರ್ಗ ಮಾಡಿಸಿಕೊಳ್ಳುವ ದಾರಿ ನೋಡಿ. ನಿಧಾನದ ದಾರಿ, ಆದರೆ ದಾರಿ.

ನನಗೆ ಕೇಳಿದರೆ ಜರ್ಮನಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಲಾಟರಿ ಇಲ್ಲ. ಬ್ಲೂ ಕಾರ್ಡ್ ಅನ್ನುವ ಅಲ್ಲಿನ ಕೆಲಸದ ಪರವಾನಗಿಗೆ ಬೇಕಾದದ್ದು ಡಿಗ್ರಿ, ಕೈಯಲ್ಲಿ ಆಫರ್, ಆ ಆಫರ್‌ನಲ್ಲಿ ನಿಗದಿ ಮಾಡಿದಷ್ಟು ಸಂಬಳ. ಐಟಿಯವರಿಗೆ 2025ರಲ್ಲಿ ಆ ಮಿತಿ ವರ್ಷಕ್ಕೆ 43,759.80 ಯೂರೋ ಇತ್ತು. ಪ್ರತಿ ಜನವರಿಗೆ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ್ದೇ ನೋಡಿಕೊಳ್ಳಿ. ಡಿಗ್ರಿ ಮುಗಿಸದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಳೆದ ಏಳು ವರ್ಷದಲ್ಲಿ ಮೂರು ವರ್ಷ ಒಳ್ಳೆ ಮಟ್ಟದ ಐಟಿ ಕೆಲಸ ಮಾಡಿದ ದಾಖಲೆ ಇದ್ದರೆ, 2023ರ ನವೆಂಬರ್‌ನಿಂದ ಅದೂ ನಡೆಯುತ್ತದೆ.

ಡಿಗ್ರಿ ಇದ್ದವರು ಇವತ್ತೇ, ಹೊರದೇಶದ ಡಿಗ್ರಿಗೆ ಅಲ್ಲಿ ಮಾನ್ಯತೆ ಇದೆಯಾ ಅಂತ ತೋರಿಸುವ ಅನಬಿನ್ ಎಂಬ ಜರ್ಮನ್ ಡೇಟಾಬೇಸ್ ತೆರೆಯಿರಿ. ನಿಮ್ಮ ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯತೆಯ ಗುರುತು, ಇದೆಯಾ, ನಿಮ್ಮ ಕೋರ್ಸ್ ಪಟ್ಟಿಯಲ್ಲಿ ಇದೆಯಾ ನೋಡಿ. ಎರಡೂ ಇದ್ದರೆ ಆ ಪುಟ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಇಲ್ಲದಿದ್ದರೆ ಜಡ್‌ಎಬಿ ಎಂಬ ಜರ್ಮನ್ ಕಚೇರಿಯಿಂದ, ನಿಮ್ಮ ಡಿಗ್ರಿ ಅಲ್ಲಿಯ ಯಾವ ಡಿಗ್ರಿಗೆ ಸಮ ಅನ್ನುವ ಹೋಲಿಕೆ ಪತ್ರ ತರಿಸಬೇಕು, 208 ಯೂರೋ. ಒಂದು ವಿಷಯ ನೆನಪಿಡಿ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬರುವ ಮೊದಲು ನಮ್ಮ ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇದ್ದದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗೆ. ಹಾಗಾಗಿ ಹಳೆಯ ಬ್ಯಾಚಿನವರು ಹುಡುಕಬೇಕಾದದ್ದು ಕಾಲೇಜಿನ ಹೆಸರನ್ನಲ್ಲ, ಸರ್ಟಿಫಿಕೇಟ್ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು.

ಬ್ರಿಟನ್, ನೆದರ್‌ಲ್ಯಾಂಡ್ಸ್‌ಗೆ ಬೇರೆ ಉಪಾಯ. ಹೊರಗಿನವರನ್ನು ಕರೆಸಿಕೊಳ್ಳಲು ಯಾವ ಕಂಪನಿಗೆ ಪರವಾನಗಿ ಇದೆ ಅನ್ನುವ ಪಟ್ಟಿಯನ್ನು ಎರಡೂ ಸರ್ಕಾರಗಳು ತಮ್ಮ ವೆಬ್‌ಸೈಟ್‌ನಲ್ಲೇ ಇಟ್ಟಿವೆ. ಪಟ್ಟಿಯಲ್ಲಿ ಇಲ್ಲದ ಕಂಪನಿಗೆ ಅರ್ಜಿ ಹಾಕುವುದು ಸುಮ್ನೆ ಟೈಂಪಾಸ್. ಪಟ್ಟಿ ನೋಡಿ ಮೂವತ್ತು ಕಂಪನಿ ಆರಿಸಿ, ಒಂದೊಂದಕ್ಕೂ ಬೇರೆ ಬೇರೆ ಪತ್ರ ಬರೆಯಿರಿ. ಇನ್ನೂರಕ್ಕಿಂತ ಈ ಮೂವತ್ತು ಜಾಸ್ತಿ.

ಇನ್ನು ರೆಸ್ಯೂಮೆ. ಮೊನ್ನೆ ಬೀದರಿನ ತಂಗಿಯೊಬ್ಬಳದ್ದು ನೋಡಿದೆ. ಕೆಲಸ ಚೆನ್ನಾಗಿದೆ, ನಾಲ್ಕು ವರ್ಷ ಪೇಮೆಂಟ್ ಸಿಸ್ಟಮ್ ಮೇಲೆ. ಆದರೆ ಮೊದಲ ಪುಟ ತುಂಬಾ ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ, ಎಸ್‌ಎಸ್‌ಎಲ್‌ಸಿ ಪರ್ಸೆಂಟೇಜ್. ಕೊನೆಗೆ "ಮೇಲಿನ ಎಲ್ಲಾ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ, ಸ್ಥಳ: ಬೀದರ್". ಎಲ್ಲಾ ಅಳಿಸಿಸಿದೆ. ಹೆಸರಿನ ಕೆಳಗೆ ಒಂದೇ ಸಾಲು ಬರೆಸಿದೆ: ಡಿಗ್ರಿ ಅನಬಿನ್‌ನಲ್ಲಿ ಇದೆ, ಬ್ಲೂ ಕಾರ್ಡ್‌ಗೆ ಅರ್ಹಳು, ನೋಟಿಸ್ ಪೀರಿಯಡ್ 90 ದಿನ. ಆ 90 ದಿನಕ್ಕೆ ಹೆದರಬೇಡಿ, ಜರ್ಮನಿಯಲ್ಲಿ ಮೂರು ತಿಂಗಳ ನೋಟಿಸ್ ಮಾಮೂಲು.

ಈಗ ನಮ್ಮ ಭಾಗದವರಿಗೆ ಖರೇ ತೊಂದರೆ ಕೊಡುವ ವಿಷಯ: ಹೆಸರು. ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಶರಣಬಸಪ್ಪ ಅನ್ನುವುದರ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಎನ್ ಆದಮೇಲೆ ಒಂದು ಎ ಇದೆ. ಡಿಗ್ರಿಯಲ್ಲಿ ಆ ಎ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿದೆ, ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್. ಹುಟ್ಟಿದ ಊರು ಒಂದರಲ್ಲಿ ಗುಲಬರ್ಗಾ, ಇನ್ನೊಂದರಲ್ಲಿ ಕಲಬುರಗಿ. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾಯಿತು ಅಂತ ಅಲ್ಲಿಯವರಿಗೆ ಏನು ಗೊತ್ತು? ನೀವು ಎರಡು ಊರಲ್ಲಿ ಹುಟ್ಟಿದ್ದು ಹೇಗೆ ಅಂತ ಎಚ್‌ಆರ್ ಹೆಣ್ಣುಮಗಳು ಮೇಲ್‌ನಲ್ಲಿ ಕೇಳಿದ್ದಳು. ತಮಾಷೆಗೆ ಕೇಳಿದ್ದಲ್ಲ. ಆ ಒಂದು ಎ ಸರಿಮಾಡಿಸಲು ನನಗೆ ಆರು ವಾರ ಹೋಯಿತು. ಎರಡೂ ಹೆಸರು ಒಬ್ಬನದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರೆ ಇಲ್ಲಿ ಕೆಲಸ ಆಗುತ್ತದೆ, ಅಲ್ಲಿ ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಾರೆ. ಆಫರ್ ಬಂದಮೇಲೆ ನೋಡೋಣ ಅನ್ನಬೇಡಿ. ಎಲ್ಲಾ ಕಾಗದ ಮಂಚದ ಮೇಲೆ ಹರಡಿ, ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಒಂದೊಂದೇ ಅಕ್ಷರ ನೋಡಿ.

ಇಂಟರ್‌ವ್ಯೂ ಬಗ್ಗೆ ಹೆಚ್ಚೇನಿಲ್ಲ. ಬರ್ಲಿನ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮೇ ತಿಂಗಳಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ, ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇಟ್ಟುಕೊಳ್ಳಿ. ಸಂಬಳ ಕೇಳಿದಾಗ ಮಾತ್ರ ಎಚ್ಚರ. ವರ್ಷಕ್ಕೆ 50,000 ಯೂರೋ ಅಂದರೆ ಅರ್ಧ ಕೋಟಿ ಅಂತ ಮನೆಯಲ್ಲಿ ಪೇಢೆ ಹಂಚಬೇಡಿ. ಒಂಟಿ ಇದ್ದವರಿಗೆ ತೆರಿಗೆ, ವಿಮೆ ಎಲ್ಲಾ ಹೋಗಿ ತಿಂಗಳಿಗೆ ಕೈಗೆ ಬರುವುದು ಸುಮಾರು 2,700 ಯೂರೋ. ಅದರಲ್ಲಿ ದೊಡ್ಡ ಊರಿನ ಬಾಡಿಗೆಯೇ ಸಾವಿರದ ಹತ್ತಿರ ತಿನ್ನಬಹುದು. ಇದನ್ನೆಲ್ಲ ಹೇಳಿದರೂ ನಮ್ಮಪ್ಪ "ನಮ್ಮ ಭಾಗದ ಮೀಸಲಾತಿಯ 371 ಜೆ ಸರ್ಟಿಫಿಕೇಟ್ ಐತಿ, ಇಲ್ಲೇ ಸರ್ಕಾರಿ ನೌಕರಿ ನೋಡು" ಅನ್ನುವುದು ನಿಲ್ಲಿಸಲಿಲ್ಲ, ಅದು ಬೇರೆ ಮಾತು.

ಏಜೆಂಟರ ಬಗ್ಗೆ. ಆಫರ್ ಕೊಡಿಸಲು ರೊಕ್ಕ ಕೇಳಿದರೆ ಫೋನ್ ಇಡಿ. ಹೊರದೇಶಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹೆಸರು ಇದೆಯೋ ಇಲ್ಲವೋ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಟೂರಿಸ್ಟ್ ವೀಸಾದಲ್ಲಿ ಬನ್ನಿ ಅಂದರೆ ಖಂಡಿತ ಬೇಡ. ಹಾಗೆ ಹೋದ ಐಟಿ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕುತ್ತಾರೆ ಅಂತ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು. ದೂರದ ಮಾತಲ್ಲ ಇದು. ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋಗಿ 2024ರಲ್ಲಿ ಯುಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕಲಬುರಗಿ ಹುಡುಗರೂ ಇದ್ದರು.

ಆಫರ್ ಬಂತಾ? ಸಹಿ ಹಾಕುವ ಮೊದಲು ಹುದ್ದೆಯ ಹೆಸರು, ವರ್ಷದ ಸಂಬಳ, ಕೆಲಸದ ಊರು ಮೂರೂ ಕಾಗದದಲ್ಲಿ ಇವೆಯಾ ನೋಡಿ. ಜರ್ಮನಿ ವೀಸಾಕ್ಕೆ ಕರ್ನಾಟಕದವರು ಹೋಗಬೇಕಾದದ್ದು ಬೆಂಗಳೂರಿಗೆ. ಹೈದರಾಬಾದ್ ಹತ್ತಿರ ಅಂತ ಬೀದರಿನವರು ಅಲ್ಲಿ ಹುಡುಕಬೇಡಿ. ಬೆಳಿಗ್ಗೆ ಅಪಾಯಿಂಟ್‌ಮೆಂಟ್ ಇದ್ದರೆ ಅದೇ ದಿನ ಮುಟ್ಟುವ ರೈಲು ನಂಬಬೇಡಿ, ಒಂದು ದಿನ ಮೊದಲೇ ಹೋಗಿ. ಒರಿಜಿನಲ್ ಕಾಗದದ ಚೀಲ ಸೀಟಿನ ಕೆಳಗೆ ತಳ್ಳದೆ ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿ.