ಡೆಬಿಯನ್ 12ರಿಂದ 13ಕ್ಕೆ: ಪ್ಲಾಸ್ಮಾ ಏರಿಸುವಾಗ ಪ್ಯಾಕೇಜು ಪಟ್ಟು ಹಿಡಿದರೆ

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೇ ಆವೃತ್ತಿಯಲ್ಲಿರುವ ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್ 5.27, ಡೆಬಿಯನ್ 13ರಲ್ಲಿ 6.3 ಆಗುತ್ತದೆ. ಬದಲಾಗುವುದು ಮೇಲಿನ ಬಣ್ಣವಷ್ಟೇ ಅಲ್ಲ, ತಳದ ಕ್ಯೂಟಿ ಲೈಬ್ರರಿಯೇ 5ರಿಂದ 6ಕ್ಕೆ ಹೋಗುತ್ತದೆ. ನೂರಾರು ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಒಟ್ಟಿಗೆ ಎದ್ದು ನಿಲ್ಲಬೇಕು. ಒಂದು ಜಗ್ಗದಿದ್ದರೂ, ಅವನ್ನು ಹಾಕುವ-ತೆಗೆಯುವ ಆಪ್ಟ್ ಎಂಬ ಸಲಕರಣೆ ಕೆಲಸ ನಿಲ್ಲಿಸಿ ದೂರು ಹೇಳುತ್ತದೆ. ಆ ದೂರನ್ನು ಓದದೆ 'ವೈ' ಒತ್ತಿದವರ ಮಷೀನೇ ಸಾಮಾನ್ಯವಾಗಿ ಕಪ್ಪು ಪರದೆಗೆ ಬಂದು ನಿಲ್ಲುವುದು.

ದಾವಣಗೆರೆಯ ಡಿಟಿಪಿ ಅಂಗಡಿಯವರಿಗೆ ಮೊದಲೇ ಒಂದು ಮಾತು: ಲಗ್ನಪತ್ರಿಕೆ ಸೀಸನ್ನಿನಲ್ಲಿ ಇದಕ್ಕೆ ಕೈ ಹಾಕಬೇಡಿ. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ, ಪ್ರತಿ ಆದೇಶದ ಮೊದಲಿಗೆ 'ಸುಡೊ' (ಅಡ್ಮಿನ್ ಅಧಿಕಾರ ಕೊಡುವ ಪದ) ಸೇರಿಸಿ.

ಶುರು ಮಾಡುವ ಮುಂಚೆ

ಕಡತಗಳ ಬ್ಯಾಕಪ್ಪನ್ನು ಬೇರೆ ಡಿಸ್ಕಿಗೆ ಹಾಕಿ. ಬೂಟ್ ಪಾರ್ಟಿಷನ್ ಬೇರೆಯಾಗಿದ್ದರೆ ಅದು 768 ಎಂಬಿಗಿಂತ ಚಿಕ್ಕದಾಗಿರಬಾರದು, ಸುಮಾರು 300 ಎಂಬಿ ಖಾಲಿಯೂ ಇರಲಿ. ಇಲ್ಲವಾದರೆ ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಅರ್ಧಕ್ಕೆ ಸಿಕ್ಕಿಕೊಂಡು, ನೋಡುವವರಿಗೆ ಡಿಪೆಂಡೆನ್ಸಿ (ಒಂದು ಪ್ಯಾಕೇಜಿಗೆ ಇನ್ನೊಂದು ಬೇಕಾಗುವ) ತೊಂದರೆಯಂತೆಯೇ ಕಾಣುತ್ತದೆ. ಹಳೆಯ 12ನ್ನು 'ಆಪ್ಟ್ ಅಪ್‌ಡೇಟ್', 'ಆಪ್ಟ್ ಫುಲ್-ಅಪ್‌ಗ್ರೇಡ್' ಮಾಡಿ ಪೂರ್ತಿ ಹೊಸದಾಗಿಸಿ. 'ಡಿಪಿಕೆಜಿ --ಆಡಿಟ್' ಏನೂ ಹೇಳದೆ ಸುಮ್ಮನಿರಬೇಕು. 'ಆಪ್ಟ್-ಮಾರ್ಕ್ ಶೋಹೋಲ್ಡ್' ಎಂದರೆ ಕಟ್ಟಿಹಾಕಿದ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ಯಾವತ್ತೋ ಪ್ರಿಂಟರ್ ಡ್ರೈವರ್ ಕೆಡದಿರಲಿ ಎಂದು ಹಾಕಿದ ಹೋಲ್ಡ್ ಇದ್ದರೆ 'ಆಪ್ಟ್-ಮಾರ್ಕ್ ಅನ್‌ಹೋಲ್ಡ್' ಮಾಡಿ ಬಿಡಿಸಿ.

ಮುಖ್ಯವಾದದ್ದು ಹೊರಗಿನ ರೆಪಾಸಿಟರಿಗಳು, ಅಂದರೆ ಡೆಬಿಯನ್ನಿನದಲ್ಲದ ಪ್ಯಾಕೇಜು ಭಂಡಾರಗಳು. ಚಿತ್ರದುರ್ಗದ ಕೋಟೆಗೆ ಏಳು ಸುತ್ತಿದ್ದರೂ ಶತ್ರು ನುಗ್ಗಲು ನೋಡಿದ್ದು ಕಿಂಡಿಯಿಂದ. ಇಲ್ಲಿ ಆ ಕಿಂಡಿ 'ಸೋರ್ಸಸ್.ಲಿಸ್ಟ್.ಡಿ' ಫೋಲ್ಡರ್. ಡೆಬಿಯನ್ನಿನದಲ್ಲದ ಪ್ರತಿ ಕಡತದ ಹೆಸರಿನ ಕೊನೆಗೆ '.ಡಿಸೇಬಲ್ಡ್' ಸೇರಿಸಿ. ಆಪ್ಟ್ ಓದುವುದು '.ಲಿಸ್ಟ್', '.ಸೋರ್ಸಸ್' ಎಂದು ಮುಗಿಯುವ ಕಡತಗಳನ್ನು ಮಾತ್ರ. ಆಮೇಲೆ 'ಆಪ್ಟ್ ಅಪ್‌ಡೇಟ್', ಬೆನ್ನಿಗೇ 'ಆಪ್ಟ್ ಲಿಸ್ಟ್ "?ಅಬ್ಸೊಲೀಟ್"'. ಈ ಕ್ರಮ ತಪ್ಪಬಾರದು. ರೆಪಾಸಿಟರಿ ತೆಗೆಯುವ ಮುಂಚೆ ಕೇಳಿದರೆ ಹೊರಗಿನ ಪ್ಯಾಕೇಜುಗಳು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪಟ್ಟಿಯಲ್ಲಿ ಬಂದವೇ ನಾಳಿನ ತಕರಾರುದಾರರು. ಬೇಡದ್ದನ್ನು ಈಗಲೇ ತೆಗೆಯಿರಿ, ಬೇಕಾದದ್ದರ ಹೆಸರು ಬರೆದಿಟ್ಟುಕೊಳ್ಳಿ.

ಏರಿಸುವುದು

ರೆಪಾಸಿಟರಿಗಳ ಪಟ್ಟಿಯಿರುವ ಸೋರ್ಸಸ್ ಕಡತದಲ್ಲಿ 'ಬುಕ್‌ವರ್ಮ್' (12ರ ಹೆಸರು) ಇರುವಲ್ಲೆಲ್ಲ 'ಟ್ರಿಕ್ಸಿ' (13ರ ಹೆಸರು) ಮಾಡಿ, 'ಆಪ್ಟ್ ಅಪ್‌ಡೇಟ್' ಕೊಡಿ. ಮುಂದಿನದು 'ಆಪ್ಟ್ -ಎಸ್ ಫುಲ್-ಅಪ್‌ಗ್ರೇಡ್'. 'ಎಸ್' ಇದ್ದರೆ ಅದು ಬರೀ ತಾಲೀಮು, ಏನೂ ಬದಲಾಗುವುದಿಲ್ಲ. ಅದರಲ್ಲಿ 'ರೆಮ್‌ವ್' ಎಂದು ಶುರುವಾಗುವ ಸಾಲುಗಳೇ ತೆಗೆದುಹಾಕುವ ಪ್ಯಾಕೇಜುಗಳು. ಒಂದೊಂದನ್ನೂ ಓದಿ.

ಪಟ್ಟಿ ಉದ್ದ ಬಂದರೆ ಗಾಬರಿ ಬೇಡ. 32 ಬಿಟ್ಟಿನ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ಮುಗಿದುಹೋಗುತ್ತದೆ. ಅದನ್ನು ಸರಿಪಡಿಸಲು ಡೆಬಿಯನ್ 13ರಲ್ಲಿ ಬಹಳಷ್ಟು ಲೈಬ್ರರಿಗಳ ಹೆಸರಿನ ಕೊನೆಗೆ 'ಟಿ64' ಸೇರಿದೆ. ಹಳೆಯ ಹೆಸರು ಹೋಗಿ 'ಟಿ64' ಇರುವ ಅವಳಿ ಬಂದರೆ ಅದು ಸರಿಯೇ. ಆದರೆ 'ಪ್ಲಾಸ್ಮಾ-ವರ್ಕ್‌ಸ್ಪೇಸ್', 'ಎಸ್‌ಡಿಡಿಎಂ' (ಲಾಗಿನ್ ಪರದೆ), 'ನೆಟ್‌ವರ್ಕ್-ಮ್ಯಾನೇಜರ್' ಇವುಗಳಲ್ಲಿ ಒಂದು 'ರೆಮ್‌ವ್' ಸಾಲಿನಲ್ಲಿದ್ದು, ಅದರದೇ ಹೊಸ ಆವೃತ್ತಿ ಬರುತ್ತಿಲ್ಲವಾದರೆ ಅಲ್ಲಿಗೇ ನಿಲ್ಲಿಸಿ.

ಇಳಿಸಿಕೊಳ್ಳುವುದನ್ನೂ ಹಾಕುವುದನ್ನೂ ಬೇರೆ ಮಾಡಿ. 'ಆಪ್ಟ್ -ಡಿ ಫುಲ್-ಅಪ್‌ಗ್ರೇಡ್' ಬರೀ ಡೌನ್‌ಲೋಡ್ ಮಾಡುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ರಾತ್ರಿಯೆಲ್ಲ ಇಳಿಯಲಿ, ಹಾಕುವ ಕೆಲಸ ಕರೆಂಟ್ ಗಟ್ಟಿಯಾಗಿರುವ ಹೊತ್ತಿಗೆ ಇರಲಿ. ಕಾಲೇಜು ಲ್ಯಾಬಿನಲ್ಲಿ ಒಂದೇ ಥರದ ಇಪ್ಪತ್ತು ಮಷೀನಿದ್ದರೆ, ಮೊದಲನೆಯದರ 'ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್' ಫೋಲ್ಡರಿನ ಡೆಬ್ (ಪ್ಯಾಕೇಜು) ಕಡತಗಳನ್ನು ಪೆನ್‌ಡ್ರೈವಿನಲ್ಲಿ ಉಳಿದವುಗಳ ಅದೇ ಜಾಗಕ್ಕೆ ಹಾಕಿದರೆ ಸಾಕು, ಆಪ್ಟ್ ಮತ್ತೆ ಇಳಿಸುವುದಿಲ್ಲ.

ಹಾಕುವಾಗ ಪ್ಲಾಸ್ಮಾದೊಳಗಿನ ಟರ್ಮಿನಲ್ ಬೇಡ. ನಡುವೆ ಡೆಸ್ಕ್‌ಟಾಪ್ ಬಿದ್ದರೆ ಟರ್ಮಿನಲ್ಲೂ ಅದರ ಜೊತೆ ಬೀಳುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಲಾಗಿನ್ ಆಗಿ. ಮೊದಲು 'ಆಪ್ಟ್ ಅಪ್‌ಗ್ರೇಡ್ --ವಿದೌಟ್-ನ್ಯೂ-ಪಿಕೆಜಿಎಸ್', ಅದು ಮುಗಿದ ಮೇಲೆ 'ಆಪ್ಟ್ ಫುಲ್-ಅಪ್‌ಗ್ರೇಡ್'. ಮೊದಲನೆಯದರಲ್ಲಿ 'ಕೆಪ್ಟ್ ಬ್ಯಾಕ್' (ತಡೆಹಿಡಿದವು) ಎಂದು ದೊಡ್ಡ ಪಟ್ಟಿ ಬಂದರೆ ಅದು ತಪ್ಪಲ್ಲ, ಆ ಹಂತದಲ್ಲಿ ಏನನ್ನೂ ತೆಗೆಯುವ ಅಧಿಕಾರ ಆಪ್ಟ್‌ಗೆ ಇರುವುದಿಲ್ಲ.

ಪಟ್ಟು ಹಿಡಿದಾಗ

'ಡಿಪೆಂಡ್ಸ್: ಇಂಥದ್ದು, ಬಟ್ ಇಟ್ ಈಸ್ ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್' ಎಂದರೆ ತಪ್ಪು ಆ ಸಾಲಿನಲ್ಲೇ ಇದೆ ಎಂದಲ್ಲ. ಬರುವುದಿಲ್ಲ ಎಂದ ಪ್ಯಾಕೇಜಿನ ಹೆಸರು ಹಿಡಿದು 'ಆಪ್ಟ್ -ಎಸ್ ಇನ್‌ಸ್ಟಾಲ್' ಮಾಡಿ, ಅದು ಮತ್ತೊಂದರ ಹೆಸರು ಹೇಳುತ್ತದೆ. ಬಳ್ಳಿ ಹಿಡಿದು ಬೇರಿನವರೆಗೆ ಹೋಗಿ. ಬೇರಿನ ಪ್ಯಾಕೇಜಿಗೆ 'ಆಪ್ಟ್ ಪಾಲಿಸಿ' ಕೇಳಿ. ಹಾಕಿರುವ ಆವೃತ್ತಿಯ ಕೆಳಗೆ 100 ಅಂಕದ 'ಡಿಪಿಕೆಜಿ/ಸ್ಟೇಟಸ್' ಸಾಲು ಮಾತ್ರ ಇದ್ದರೆ ಅದು ಈಗ ಯಾವ ರೆಪಾಸಿಟರಿಯಲ್ಲೂ ಇಲ್ಲ ಎಂದರ್ಥ. ಅದರ ಆವೃತ್ತಿ ಸಂಖ್ಯೆ ಟ್ರಿಕ್ಸಿಯದಕ್ಕಿಂತ ದೊಡ್ಡದಿದ್ದರೆ ಆಪ್ಟ್ ತಾನಾಗಿ ಕೆಳಗಿಳಿಸುವುದಿಲ್ಲ, ಏಕೆಂದರೆ ಪಿನ್ ಅಂಕ (ಆದ್ಯತೆಯ ಅಂಕ) 1000 ಮುಟ್ಟದೆ ಡೌನ್‌ಗ್ರೇಡ್ ಇಲ್ಲ. 'ಆಪ್ಟ್ ಇನ್‌ಸ್ಟಾಲ್ ಹೆಸರು/ಟ್ರಿಕ್ಸಿ' ಎಂದು ನೀವೇ ಹೇಳಿ. ಹೆಚ್ಚಿನ ಗಂಟುಗಳು ಇಷ್ಟಕ್ಕೇ ಬಿಚ್ಚುತ್ತವೆ.

'ಟ್ರೈಯಿಂಗ್ ಟು ಓವರ್‌ರೈಟ್' ಎಂದರೆ ಒಂದೇ ಕಡತವನ್ನು ಎರಡು ಪ್ಯಾಕೇಜು ತನ್ನದು ಎನ್ನುತ್ತಿವೆ. ಹಳೆಯದು ಹೊರಗಿನದಾದರೆ ಅದನ್ನು ತೆಗೆಯಿರಿ. ಎರಡೂ ಡೆಬಿಯನ್ನಿನವೇ ಆದಾಗ ಮಾತ್ರ, ಆ ಒಂದೇ ಡೆಬ್ ಕಡತಕ್ಕೆ 'ಡಿಪಿಕೆಜಿ -ಐ --ಫೋರ್ಸ್-ಓವರ್‌ರೈಟ್' ಬಳಸಬಹುದು. '--ಫೋರ್ಸ್-ಆಲ್' ಯಾವತ್ತೂ ಬೇಡ.

ನಡುವೆ ಕರೆಂಟ್ ಹೋಯಿತೇ? 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್', ಮತ್ತೆ 'ಫುಲ್-ಅಪ್‌ಗ್ರೇಡ್'. 'ಲಾಕ್ ಸಿಗಲಿಲ್ಲ' ಎಂದರೆ ಲಾಕ್ ಕಡತ ಅಳಿಸಬೇಡಿ. ಹಿನ್ನೆಲೆಯಲ್ಲಿ ಪ್ಯಾಕೇಜ್‌ಕಿಟ್ ಅಥವಾ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಓಡುತ್ತಿರುತ್ತದೆ, ಅದು ಮುಗಿಯಲಿ.

ಮುಗಿದ ಕೂಡಲೇ 'ಆಪ್ಟ್ ಆಟೊರಿಮೂವ್' ಹೊಡೆಯುವ ಚಾಳಿ ಕೆಟ್ಟದ್ದು. ಗಲಾಟೆಯಲ್ಲಿ 'ಕೆಡಿಇ-ಪ್ಲಾಸ್ಮಾ-ಡೆಸ್ಕ್‌ಟಾಪ್' ಎಂಬ ಮೆಟಾಪ್ಯಾಕೇಜು (ಬೇರೆ ಪ್ಯಾಕೇಜುಗಳನ್ನು ಒಟ್ಟಿಗೆ ತರುವಂಥದ್ದು) ಹೋಗಿದ್ದರೆ, ಅದನ್ನು ನಂಬಿದ್ದ ಡೆಸ್ಕ್‌ಟಾಪ್ ಪೂರ್ತಿ 'ಬೇಡದ್ದು' ಎಂಬ ಲೆಕ್ಕಕ್ಕೆ ಬೀಳುತ್ತದೆ. ಮೊದಲು ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ರೀಬೂಟ್ ಆಗಿ ಎಲ್ಲ ನೋಡಿ, ಆಮೇಲೆ ಆಟೊರಿಮೂವ್.

ಕನ್ನಡ ಟೈಪಿಂಗ್ ನಿಂತಿದ್ದರೆ

ಪ್ಲಾಸ್ಮಾ 6 ಲಾಗಿನ್ನಿನಲ್ಲಿ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆಯನ್ನೇ ಮೊದಲು ಆರಿಸುತ್ತದೆ. ಎಫ್‌ಸಿಐಟಿಎಕ್ಸ್5 ಎಂಬ ಟೈಪಿಂಗ್ ಸಲಕರಣೆ ಬಳಸುವವರು 'ಎಫ್‌ಸಿಐಟಿಎಕ್ಸ್5-ಎಂ17ಎನ್', 'ಎಫ್‌ಸಿಐಟಿಎಕ್ಸ್5-ಫ್ರಂಟೆಂಡ್-ಕ್ಯೂಟಿ6' ಎರಡೂ ಇವೆಯೇ ನೋಡಿ, ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟದಲ್ಲಿ ಎಫ್‌ಸಿಐಟಿಎಕ್ಸ್ 5 ಆರಿಸಿ. ನುಡಿ ತಂತ್ರಾಂಶದ ಕೀಲಿವಿನ್ಯಾಸ ರೂಢಿಯಿರುವವರಿಗೆ ಬೇಕಾದದ್ದು ಎಂ17ಎನ್‌ನ ಕೆಜಿಪಿ ವಿನ್ಯಾಸ. ಅಕ್ಷರದ ಬದಲು ಚೌಕ ಕಂಡರೆ 'ಫಾಂಟ್ಸ್-ಕೆಎನ್‌ಡಿಎ' ಹಾಕಿ, ಗುಬ್ಬಿ ಮತ್ತು ನವಿಲು ಫಾಂಟುಗಳೂ ಅದರೊಟ್ಟಿಗೆ ಬರುತ್ತವೆ.

ಪ್ಯಾನೆಲ್ ಮಾಯವಾಗಿದ್ದರೆ ಹೊಸ ಬಳಕೆದಾರರ ಖಾತೆ ತೆರೆದು ಲಾಗಿನ್ ಆಗಿ. ಅಲ್ಲಿ ಸರಿಯಿದ್ದರೆ ಪ್ಯಾಕೇಜುಗಳ ತಪ್ಪೇನಿಲ್ಲ. ನಿಮ್ಮ ಹೋಮ್‌ನಲ್ಲಿ ಉಳಿದ ಪ್ಲಾಸ್ಮಾ 5ರ ವಿಜೆಟ್, ಥೀಮುಗಳದೇ ಕಿತಾಪತಿ. '.ಲೋಕಲ್/ಶೇರ್/ಪ್ಲಾಸ್ಮಾ' ಫೋಲ್ಡರಿನ ಹೆಸರು ಬದಲಿಸಿ ಮತ್ತೆ ಲಾಗಿನ್ ಆಗಿ. ಏನು ಹೋಯಿತು, ಏನು ಬಂತು ಎಂಬ ಪೂರ್ತಿ ಲೆಕ್ಕ 'ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್' ಕಡತದಲ್ಲಿ ಸಿಗುತ್ತದೆ. ಮೊದಲು '.ಡಿಸೇಬಲ್ಡ್' ಮಾಡಿಟ್ಟ ಹೊರಗಿನ ರೆಪಾಸಿಟರಿಗಳನ್ನು, ಟ್ರಿಕ್ಸಿಗೆಂದು ಅವುಗಳ ಆವೃತ್ತಿ ಹೊರಬಂದಿದ್ದರೆ ಮಾತ್ರ, ಒಂದೊಂದಾಗಿ ಮರಳಿ ಸೇರಿಸಿ.